ನಾಯಿಯ ರಕ್ತಕ್ಕೆ ನಾಯಿಯದೇ ಅಳತೆ

1930ರಲ್ಲಿ ಅಮೆರಿಕದ ವಿಲಿಯಂ ಸೆಬ್ರೆಲ್ ಎಂಬ ವೈದ್ಯರು ಒಂದು ಪುಟ್ಟ ವರದಿ ಪ್ರಕಟಿಸಿದರು. ಈರುಳ್ಳಿ ತಿನ್ನಿಸಿದ ನಾಯಿಗಳಿಗೆ ರಕ್ತಹೀನತೆ ಬರುತ್ತದೆ ಎಂಬುದು ಅದರ ಸಾರ. ಸೆಬ್ರೆಲ್ ಪಶುವೈದ್ಯರಲ್ಲ. ಮನುಷ್ಯರನ್ನು ಕಾಡುತ್ತಿದ್ದ ಪೆಲಾಗ್ರಾ ಕಾಯಿಲೆಯ ಬೆನ್ನು ಹತ್ತಿದ್ದ ಜೋಸೆಫ್ ಗೋಲ್ಡ್‌ಬರ್ಗರ್ ಅವರ ಬಳಗದವರು. ಪೆಲಾಗ್ರಾಕ್ಕೆ ಕಾರಣವಾಗುವ ಕೊರತೆಯೇ ನಾಯಿಗೆ ಬಂದರೆ ಅದರ ನಾಲಿಗೆ ಕಪ್ಪಾಗುತ್ತದೆ. ಹಾಗಾಗಿ ಆ ಬಳಗದವರು ನಾಯಿಗಳಿಗೆ ಬೇರೆ ಬೇರೆ ಆಹಾರ ಕೊಟ್ಟು ಪರೀಕ್ಷಿಸುತ್ತಿದ್ದ ಕಾಲ ಅದು. ಸೆಬ್ರೆಲ್ ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರೂ ಆದರು. ಅವರ ಹೆಸರು ಪೌಷ್ಟಿಕಾಂಶ ವಿಜ್ಞಾನದ ಪುಸ್ತಕಗಳಲ್ಲಿ ಸಿಗುತ್ತದೆ, ಈರುಳ್ಳಿಯ ಪ್ರಸ್ತಾಪ ಮಾತ್ರ ಅಪರೂಪ. ನನ್ನಂಥ ಪಶುವೈದ್ಯರಿಗೆ ಆ ಈರುಳ್ಳಿಯೇ ಮುಖ್ಯ.

ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಹೊಟ್ಟೆ ಸೇರಿದ ಮೇಲೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಉತ್ಕರ್ಷಿಸುತ್ತವೆ. ಕೆಟ್ಟ ಹಿಮೋಗ್ಲೋಬಿನ್ ಗಂಟುಕಟ್ಟಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ಜರ್ಮನಿಯ ರಾಬರ್ಟ್ ಹೈನ್ಜ್ 1890ರಲ್ಲೇ ಇಂಥ ಗಂಟುಗಳನ್ನು ವಿವರಿಸಿದ್ದರು. ಇವತ್ತಿಗೂ ಅವುಗಳ ಹೆಸರು ಹೈನ್ಜ್ ಬಾಡಿ. ನ್ಯೂ ಮೆಥಿಲೀನ್ ಬ್ಲೂ ಬಣ್ಣವನ್ನು ರಕ್ತದ ಜೊತೆ ಬೆರೆಸಿ, ಒಂದಿಷ್ಟು ಹೊತ್ತು ಬಿಟ್ಟು, ಸ್ಲೈಡ್ ಎಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ತಿಳಿಹಸಿರು ಕಣಗಳ ಅಂಚಿನಲ್ಲಿ ಕಡುನೀಲಿ ಚುಕ್ಕೆಗಳು ಎದ್ದು ಕಾಣುತ್ತವೆ. ಕೆಲವು ಕಣಗಳಲ್ಲಿ ಹಿಮೋಗ್ಲೋಬಿನ್ ಪೂರ್ತಿ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬರಿ ಪೊರೆ ಉಳಿದಿರುತ್ತದೆ. ಅವಕ್ಕೆ ಎಕ್ಸೆಂಟ್ರೋಸೈಟ್ ಎನ್ನುತ್ತಾರೆ. ಬೆಂಗಳೂರಿನ ರೋಗಪತ್ತೆ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ನಾಯಿಗಳ ರಕ್ತ ನೋಡಿದವಳು ನಾನು. ಈರುಳ್ಳಿ ಬೆಂದ ಸಾರನ್ನ, ಉಳಿದ ಬಿರಿಯಾನಿ, ಈರುಳ್ಳಿ ಹಾಕಿದ ಆಮ್ಲೆಟ್ ತಿಂದ ನಾಯಿಗಳ ಸ್ಲೈಡಿನಲ್ಲಿ ಈ ಚುಕ್ಕೆಗಳನ್ನು ಕಂಡಿದ್ದೇನೆ. ಬೇಯಿಸಿದರೆ ಈರುಳ್ಳಿಯ ವಿಷ ಹೋಗುವುದಿಲ್ಲ. ಒಂದು ಕಿಲೋ ದೇಹತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ನಾಯಿಯ ರಕ್ತ ಕೆಡಲು.

ಉತ್ಕರ್ಷಣದಿಂದ ಕೋಶಗಳಿಗೆ ಆಗುವ ಇಂಥ ಹಾನಿಯನ್ನು, ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಇವತ್ತು ಎಲ್ಲರ ಬಾಯಲ್ಲಿ ಓಡಾಡುವ ಸಂಗತಿಯನ್ನು, ನಾಯಿಯ ಮೈಯಲ್ಲಿ ಕಣ್ಣಾರೆ ನೋಡಲು ಸಿಕ್ಕ ಮೊದಲ ದಾರಿಗಳಲ್ಲಿ ಈ ನೀಲಿ ಚುಕ್ಕೆ ಒಂದು. ಅದಕ್ಕೆ ಆಮೇಲೆ ಬಂದ ಅಳತೆಗಳು ಬಹುಪಾಲು ನಾಯಿಗಾಗಿ ಹುಟ್ಟಿದವಲ್ಲ. ಎತ್ತಿನ ರಕ್ತ, ಇಲಿಯ ಯಕೃತ್ತು, ಹಾಲಿನ ಕೊಬ್ಬು, ಮನುಷ್ಯನ ಪ್ಲಾಸ್ಮಾ ಹೀಗೆ ಎಲ್ಲೆಲ್ಲಿಂದಲೋ ಬಂದು ನಾಯಿಯ ರಕ್ತಕ್ಕೆ ಅನ್ವಯವಾದವು. ಈ ಇತಿಹಾಸ ನನಗೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ.

ನಮ್ಮ ಪಶುವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಗುಲಾಬಿ ಬಣ್ಣದ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 1944ರಲ್ಲಿ ಕೋನ್ ಮತ್ತು ಲಿವರ್ಸೀಜ್ ಎಂಬಿಬ್ಬರು ಪ್ರಾಣಿಯ ಮೆದುಳಿನ ಅಂಗಾಂಶವನ್ನು ಗಾಳಿಯಾಡುವಂತೆ ಇಟ್ಟು, ಥಯೋಬಾರ್ಬಿಟ್ಯೂರಿಕ್ ಆಮ್ಲ ಸೇರಿಸಿದಾಗ ಬಣ್ಣ ಬರುವುದನ್ನು ಗಮನಿಸಿದರು. ಯಾವ ವಸ್ತು ಆ ಬಣ್ಣ ತರುತ್ತಿದೆ ಎಂಬುದು ಆಗ ತಿಳಿಯಲಿಲ್ಲ. 1951ರಲ್ಲಿ ಪ್ಯಾಟನ್ ಮತ್ತು ಕರ್ಟ್ಜ್ ಹಾಲಿನ ಕೊಬ್ಬು ಕಮಟುವುದನ್ನು ಪತ್ತೆ ಮಾಡಲು ಇದೇ ಆಮ್ಲವನ್ನು ಬಳಸಿದರು. ಕೊಬ್ಬು ಉತ್ಕರ್ಷಣಗೊಂಡು ಒಡೆದಾಗ ಹುಟ್ಟುವ ಮ್ಯಾಲೋನ್‌ಡೈಆಲ್ಡಿಹೈಡ್ ಆ ಬಣ್ಣದ ಮೂಲ ಎಂಬುದು ಕ್ರಮೇಣ ಖಚಿತವಾಯಿತು. ಡೈರಿಯವರ ಪರೀಕ್ಷೆ ಹೀಗೆ ರಕ್ತದ ಪರೀಕ್ಷೆಯಾಯಿತು. ಜೀವಕೋಶದ ಪೊರೆಯಲ್ಲಿರುವುದೂ ಕೊಬ್ಬೇ ತಾನೆ. ಅದು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಈ ಬಣ್ಣವನ್ನು ಅಳೆದರಾಯಿತು ಎಂಬುದು ತರ್ಕ.

ಕೈಯಾರೆ ಮಾಡುವಾಗ ಆ ಪರೀಕ್ಷೆ ಹೀಗಿರುತ್ತದೆ. ನಾಯಿಯ ಮುಂಗಾಲಿನ ರಕ್ತನಾಳದಿಂದ ತೆಗೆದ ರಕ್ತ ಹೆಪಾರಿನ್ ಟ್ಯೂಬಿನಲ್ಲಿ ಐಸ್ ಮೇಲೆ ಬರಬೇಕು. ತಡಮಾಡದೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಕೆಳಗುಳಿದ ಕೆಂಪು ಕಣಗಳನ್ನು ತಣ್ಣನೆಯ ಸಲೈನಿನಲ್ಲಿ ಮೂರು ಸಲ ತೊಳೆದು ಕಿಣ್ವಗಳ ಪರೀಕ್ಷೆಗೆ ಎತ್ತಿಡಬೇಕು. ಪ್ಲಾಸ್ಮಾಕ್ಕೆ ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿದರೆ ಪ್ರೋಟೀನು ಬೆಳ್ಳಗೆ ಒಡೆಯುತ್ತದೆ. ಥಯೋಬಾರ್ಬಿಟ್ಯೂರಿಕ್ ಆಮ್ಲ ಸೇರಿಸಿ, ಆವಿಯಾಗದಂತೆ ಟ್ಯೂಬಿನ ಬಾಯಿಗೆ ಗಾಜಿನ ಗೋಲಿ ಇಟ್ಟು, ಕುದಿಯುವ ವಾಟರ್ ಬಾತಿನಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಹೊರತೆಗೆದು ತಣಿಸಿದರೆ ಆರೋಗ್ಯವಂತ ನಾಯಿಯದು ನೀರಿಗಿಂತ ಸ್ವಲ್ಪವೇ ಬಣ್ಣ ಹೆಚ್ಚು, ಕಾಯಿಲೆಯ ನಾಯಿಯದು ಸ್ಪಷ್ಟ ಗುಲಾಬಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 532 ನ್ಯಾನೋಮೀಟರ್ ಅಲೆಯುದ್ದದಲ್ಲಿ ಓದಿ ಅಂಕಿ ಬರೆಯುತ್ತಾರೆ.

ಸುಲಭ, ಅಗ್ಗ, ಎಲ್ಲ ಕಾಲೇಜುಗಳಲ್ಲೂ ಸಾಧ್ಯ. ನಾನು ಈ ಪರೀಕ್ಷೆಯನ್ನು ಗೌರವಿಸುತ್ತೇನೆ. ಆದರೆ ಸಕ್ಕರೆಯ ಅಂಶಗಳು, ಬಿಲಿರುಬಿನ್ ಇವು ಕೂಡ ಆ ಆಮ್ಲದ ಜೊತೆ ಬಣ್ಣ ಕೊಡುತ್ತವೆ. ಕಾಮಾಲೆ ಹತ್ತಿದ ನಾಯಿಯ ಹಳದಿ ಪ್ಲಾಸ್ಮಾದಲ್ಲಿ ಬಂದ ಅಂಕಿಯನ್ನು ನೋಡಿ ಪೊರೆಯ ಕೊಬ್ಬು ಕೆಟ್ಟಿದೆ ಎಂದು ನೇರವಾಗಿ ಹೇಳುವುದು ಸರಿಯಲ್ಲ. ಸೂಜಿ ಚುಚ್ಚುವಾಗ ರಕ್ತಕಣ ಒಡೆದಿದ್ದರೂ ಅಂಕಿ ಏರುಪೇರಾಗುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೇಸನ್ ಮೊರೋ ಮತ್ತು ಜಾಕ್ಸನ್ ರಾಬರ್ಟ್ಸ್ 1990ರಲ್ಲಿ ಕೊಬ್ಬು ಉತ್ಕರ್ಷಣಗೊಂಡಾಗ ಹುಟ್ಟುವ ಐಸೋಪ್ರಾಸ್ಟೇನ್ ಎಂಬ ವಸ್ತುಗಳನ್ನು ಗುರುತಿಸಿದ ಮೇಲೆ ಇದಕ್ಕಿಂತ ನಂಬಿಕೆಯ ಅಳತೆ ಸಿಕ್ಕಿತು. ಅದಕ್ಕೆ ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಹಾಗಾಗಿ ಗುಲಾಬಿ ಟ್ಯೂಬುಗಳು ಇನ್ನೂ ಕುದಿಯುತ್ತಲೇ ಇವೆ.

ಕೆಡುಕನ್ನು ಅಳೆಯುವುದು ಒಂದು ಕಡೆ, ರಕ್ಷಣೆಯನ್ನು ಅಳೆಯುವುದು ಇನ್ನೊಂದು ಕಡೆ. 1938ರಲ್ಲಿ ಇಂಗ್ಲೆಂಡಿನ ಮಾನ್ ಮತ್ತು ಕೈಲಿನ್ ಎತ್ತಿನ ರಕ್ತದಿಂದ ತಾಮ್ರವಿರುವ ಒಂದು ಪ್ರೋಟೀನು ತೆಗೆದರು. ಅದರ ಕೆಲಸ ಏನೆಂದು ಮೂವತ್ತೊಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಆ ಪ್ರೋಟೀನು ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕವನ್ನು ತಟಸ್ಥಗೊಳಿಸುವ ಕಿಣ್ವ ಎಂದು ತೋರಿಸಿಕೊಟ್ಟರು. ಅದೇ ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಜೀವಿಯ ಮೈಯಲ್ಲಿ ಸೂಪರಾಕ್ಸೈಡಿನಂಥ ಫ್ರೀ ರ‍್ಯಾಡಿಕಲ್‌ಗಳು ನಿಜವಾಗಿ ಹುಟ್ಟುತ್ತವೆಯೇ ಎಂಬ ಅನುಮಾನ ಕರಗಲು ಇದೇ ದೊಡ್ಡ ಕಾರಣ. ಅವುಗಳನ್ನು ತಡೆಯಲೆಂದೇ ಮೈ ಒಂದು ಕಿಣ್ವ ಇಟ್ಟುಕೊಂಡಿದೆ ಎಂದ ಮೇಲೆ ಅವು ಇರಲೇಬೇಕಲ್ಲ. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಈ ಕಿಣ್ವವನ್ನು ಅಳೆಯಲು ಹೆಚ್ಚಾಗಿ ಬಳಸುವ ವಿಧಾನಗಳಲ್ಲೊಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. 1998ರಲ್ಲಿ ಮಾದೇಶ್ ಮತ್ತು ಬಾಲಸುಬ್ರಮಣಿಯನ್ ಪ್ರಕಟಿಸಿದ ಆ ವಿಧಾನಕ್ಕೆ ದೊಡ್ಡ ಯಂತ್ರ ಬೇಡ, ಪ್ಲೇಟ್ ರೀಡರ್ ಇದ್ದರೆ ಸಾಕು.

ಇನ್ನು ನಾಯಿಯ ಹೃದಯದ ಕಥೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಬರೆಯದೆ ಬಿಡುವುದು ಮಾತ್ರ ಇನ್ನೂ ದೊಡ್ಡ ಅನ್ಯಾಯ. 1960ರಲ್ಲಿ ರಾಬರ್ಟ್ ಜೆನ್ನಿಂಗ್ಸ್ ಮತ್ತು ಸಂಗಡಿಗರು ನಾಯಿಗಳ ಎದೆ ತೆರೆದು, ಹೃದಯದ ಒಂದು ರಕ್ತನಾಳವನ್ನು ಕೆಲಹೊತ್ತು ಕಟ್ಟಿ, ಮತ್ತೆ ಬಿಚ್ಚಿ ನೋಡಿದರು. ಇಪ್ಪತ್ತು ನಿಮಿಷದೊಳಗೆ ಬಿಚ್ಚಿದರೆ ಸ್ನಾಯು ಬಹುಮಟ್ಟಿಗೆ ಉಳಿಯುತ್ತದೆ, ತಡವಾದಷ್ಟೂ ಸಾಯುತ್ತದೆ ಎಂದು ತಿಳಿಯಿತು. ರಕ್ತ ಮರಳಿ ಹರಿಯುವ ಗಳಿಗೆಯೇ ಒಂದು ಪೆಟ್ಟು ಕೊಡುತ್ತದೆ ಎಂಬ ಅನುಮಾನ ಮುಂದಿನ ವರ್ಷಗಳಲ್ಲಿ ಬಲವಾಯಿತು. ಆಮ್ಲಜನಕವಿಲ್ಲದೆ ಬಳಲಿದ ಸ್ನಾಯುವಿಗೆ ಒಮ್ಮೆಲೇ ಆಮ್ಲಜನಕ ನುಗ್ಗಿದಾಗ ಸೂಪರಾಕ್ಸೈಡ್ ಉಕ್ಕುತ್ತದೆ. 1984ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬೆನೆಡಿಕ್ಟ್ ಲುಕೇಸಿ ಅವರ ತಂಡ, ರಕ್ತನಾಳ ಕಟ್ಟಿದ ನಾಯಿಗಳಿಗೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಮತ್ತು ಕ್ಯಾಟಲೇಸ್ ಕಿಣ್ವಗಳನ್ನು ಕೊಟ್ಟಿತು. ಸತ್ತ ಸ್ನಾಯುವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ರಕ್ತ ಹರಿಯತೊಡಗಿ ನಲವತ್ತು ನಿಮಿಷವಾದ ಮೇಲೆ ಕೊಟ್ಟರೆ ಉಪಯೋಗವಾಗಲಿಲ್ಲ. ಇಂಥ ಪ್ರಯೋಗಗಳಲ್ಲಿ ಹೃದಯವನ್ನು ತೆಳ್ಳಗೆ ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ಅದ್ದುವುದು ರೂಢಿ. ಬದುಕಿರುವ ಸ್ನಾಯು ಇಟ್ಟಿಗೆಗೆಂಪಾಗುತ್ತದೆ, ಸತ್ತದ್ದು ಪೇಲವವಾಗಿ ಉಳಿಯುತ್ತದೆ. ಅಳತೆ ಸಿಗಬೇಕಾದರೆ ನಾಯಿ ಸಾಯಲೇಬೇಕಿತ್ತು.

1988ರಲ್ಲಿ ಹ್ಯೂಸ್ಟನ್‌ನ ರೊಬರ್ಟೊ ಬೊಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫ್ರೀ ರ‍್ಯಾಡಿಕಲ್ ಕ್ಷಣಾರ್ಧದಲ್ಲಿ ಮಾಯವಾಗುವ ವಸ್ತು, ಅದನ್ನು ಹಿಡಿಯುವುದು ಹೇಗೆ? ಅದರ ಜೊತೆ ಬೆಸೆದುಕೊಂಡು ಸ್ವಲ್ಪ ಕಾಲ ಉಳಿಯುವ ಒಂದು ರಾಸಾಯನಿಕವನ್ನು ನಾಯಿಯ ಹೃದಯಕ್ಕೆ ಹರಿಸಿದರು. ಹದಿನೈದು ನಿಮಿಷ ಕಟ್ಟಿ ಬಿಚ್ಚಿದ ಹೃದಯದಿಂದ ಹೊರಬರುವ ರಕ್ತವನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಯಂತ್ರದಲ್ಲಿ ಪರೀಕ್ಷಿಸಿದರು. ರಕ್ತ ಮರಳಿದ ಮೊದಲ ಕೆಲವೇ ನಿಮಿಷಗಳಲ್ಲಿ ರ‍್ಯಾಡಿಕಲ್‌ಗಳ ಉಬ್ಬರ ಕಂಡಿತು, ಆಮೇಲೆ ಗಂಟೆಗಟ್ಟಲೆ ಸಣ್ಣಗೆ ಮುಂದುವರಿಯಿತು. ಎದೆಯಲ್ಲಿ ಇನ್ನೂ ಬಡಿಯುತ್ತಿರುವ ಹೃದಯದಿಂದ ಫ್ರೀ ರ‍್ಯಾಡಿಕಲ್ ಹುಟ್ಟುವುದಕ್ಕೆ ಅಷ್ಟು ನೇರ ಸಾಕ್ಷಿ ಕೊಟ್ಟದ್ದು ನಾಯಿಯೇ. ಇಷ್ಟಾಗಿಯೂ 1994ರಲ್ಲಿ ಪ್ರಕಟವಾದ, ಹೃದಯಾಘಾತದ ರೋಗಿಗಳ ಮೇಲಿನ ಪ್ರಯೋಗದಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದಿಂದ ಪ್ರಯೋಜನ ಕಾಣಲಿಲ್ಲ. ಅಷ್ಟು ನಾಯಿಗಳ ಪ್ರಾಣ ತೆತ್ತು ಪಡೆದ ಜ್ಞಾನ ನಾಯಿಗಳ ಚಿಕಿತ್ಸೆಗೂ ಬರಬೇಕಿತ್ತಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೊಟ್ಟೆ ತಿರುಚಿಕೊಂಡು ಬರುವ ದೊಡ್ಡ ತಳಿಯ ನಾಯಿಗಳಲ್ಲಿ, ಶಸ್ತ್ರಚಿಕಿತ್ಸಕರು ತಿರುಚು ಬಿಡಿಸಿದಾಗ, ಇದೇ ಮರಳುರಕ್ತದ ಪೆಟ್ಟು ಕಣ್ಣೆದುರು ನಡೆಯುತ್ತದೆ.

ನಾಯಿಯನ್ನು ರೋಗಿಯೆಂದೇ ಕಂಡು, ಅದರದೇ ಕಾಯಿಲೆಯಿಂದ ಶುರುಮಾಡಿದ ಪರಂಪರೆಯೊಂದು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. ಅಲ್ಲಿನ ಯೋಶಿಮಿತ್ಸು ಮಾಎದೆ ಮತ್ತು ಅವರ ಶಿಷ್ಯರ ಲೇಖನಗಳನ್ನು ನಾನು ಇಷ್ಟಪಟ್ಟು ಓದಿದ್ದೇನೆ. ಅವರು ಕೈಗೆತ್ತಿಕೊಂಡದ್ದು ಈರುಳ್ಳಿಯನ್ನೇ. ಸಾಮಾನ್ಯವಾಗಿ ನಾಯಿಯ ಕೆಂಪು ಕಣದಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಶಿಬಾ, ಅಕಿಟಾ ಮುಂತಾದ ಪೂರ್ವ ಏಷ್ಯಾದ ತಳಿಗಳ ಕೆಲವು ನಾಯಿಗಳಲ್ಲಿ ಇದು ತಿರುಗುಮುರುಗು. ಅದು ವಂಶದಿಂದ ಬಂದ ಗುಣ. ಅಂಥ ಕೆಲವು ನಾಯಿಗಳ ಕಣಗಳಲ್ಲಿ ಗ್ಲುಟಾಥಯೋನ್ ಮಾಮೂಲಿಗಿಂತ ಐದಾರು ಪಟ್ಟು ಹೆಚ್ಚು. ಗ್ಲುಟಾಥಯೋನ್ ಎಂದರೆ ಕೋಶದೊಳಗಿನ ಪ್ರಮುಖ ಆಂಟಿಆಕ್ಸಿಡೆಂಟ್. ಅದು ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು ಎಂದೇ ಯಾರಾದರೂ ಎಣಿಸುತ್ತಾರೆ.

1992ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದಕ್ಕೆ ಉಲ್ಟಾ. ಈರುಳ್ಳಿ ತಿಂದಾಗ ಗ್ಲುಟಾಥಯೋನ್ ಸಮೃದ್ಧವಾಗಿದ್ದ ನಾಯಿಗಳ ರಕ್ತವೇ ಹೆಚ್ಚು ಕೆಟ್ಟಿತು. ಆಮೇಲೆ ಕಾರಣವೂ ತಿಳಿಯಿತು. ಈರುಳ್ಳಿಯಿಂದ ಅವರು ಬೇರ್ಪಡಿಸಿದ ಪ್ರೊಪೈಲ್ ಥಯೋಸಲ್ಫೇಟ್ ಎಂಬ ಸಂಯುಕ್ತ ಗ್ಲುಟಾಥಯೋನಿನ ಜೊತೆಗೂಡಿಯೇ ಹೆಚ್ಚು ಹಾನಿಕಾರಕವಾಗುತ್ತದೆ. ಕಾವಲಿಗೆಂದು ಇಟ್ಟದ್ದೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಯಾರಾದರೂ ಒಂದೇ ಅಂಕಿ ತೋರಿಸಿ ಈ ನಾಯಿಯ ಆಂಟಿಆಕ್ಸಿಡೆಂಟ್ ಮಟ್ಟ ಚೆನ್ನಾಗಿದೆ ಎಂದರೆ ನಾನು ಮೊದಲು ಕೇಳುವುದು, ಯಾವ ತಳಿ, ಯಾವ ಕಾಯಿಲೆ, ಯಾವ ವಿಷ?

ಅಂಕಿಯೊಂದರಲ್ಲೇ ಎಲ್ಲವನ್ನೂ ಹೇಳಿಬಿಡುವ ಆಸೆ 1990ರ ದಶಕದಲ್ಲಿ ಜೋರಾಯಿತು. ಕ್ಯಾಥರೀನ್ ರೈಸ್-ಇವಾನ್ಸ್ ಅವರ ತಂಡದ ಅಂಥ ಒಂದು ವಿಧಾನ 1993ರಲ್ಲಿ ಬಂತು. ಐರಿಸ್ ಬೆಂಜಿ ಮತ್ತು ಸ್ಟ್ರೇನ್ 1996ರಲ್ಲಿ ಫ್ರಾಪ್ ವಿಧಾನ ಪ್ರಕಟಿಸಿದರು. ಪ್ಲಾಸ್ಮಾ ಒಟ್ಟಾರೆ ಎಷ್ಟು ಕಬ್ಬಿಣವನ್ನು ಅಪಕರ್ಷಿಸಬಲ್ಲದು ಎಂದು ನೋಡಿ ಒಂದೇ ಅಂಕಿ ಕೊಡುವ ಪರೀಕ್ಷೆ ಅದು. ನೀಲಿ ಬಣ್ಣ ಬರಲು ಕೆಲವೇ ನಿಮಿಷ ಸಾಕು. ಎಲ್ಲ ಕಡೆ ಹಬ್ಬಿತು. ಆದರೆ ಮನುಷ್ಯನ ಪ್ಲಾಸ್ಮಾದಲ್ಲಿ ಆ ಅಂಕಿಯ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಕ್ ಆಮ್ಲದ್ದು. ನಾಯಿಯ ಯಕೃತ್ತು ಯೂರಿಕ್ ಆಮ್ಲವನ್ನು ಅಲಾಂಟೊಯಿನ್ ಆಗಿ ಒಡೆದುಬಿಡುತ್ತದೆ. ಅದರ ರಕ್ತದಲ್ಲಿ ಉಳಿಯುವುದು ಅತ್ಯಲ್ಪ. ಮನುಷ್ಯರ ಪಕ್ಕ ಇಟ್ಟು ನೋಡಿದರೆ ನಾಯಿಗೆ ರಕ್ಷಣೆಯೇ ಇಲ್ಲವೇನೋ ಅನ್ನಿಸುವಷ್ಟು ಅಂಕಿ ಇಳಿಯುತ್ತದೆ. ಇದಕ್ಕೆ ಅಪವಾದ ಡಾಲ್ಮೇಷಿಯನ್. ಯೂರಿಕ್ ಆಮ್ಲವನ್ನು ಸಾಗಿಸುವ ಜೀನಿನ ದೋಷದಿಂದ ಅದರ ರಕ್ತದಲ್ಲಿ ಬೇರೆ ನಾಯಿಗಳಿಗಿಂತ ಅದು ಹೆಚ್ಚು. ಮೂತ್ರಕೋಶದ ಕಲ್ಲಿಗೆ ಕಾರಣವಾಗುವ ದೋಷವೇ ಆ ತಳಿಯ ಆಂಟಿಆಕ್ಸಿಡೆಂಟ್ ಅಂಕಿಯನ್ನು ಎತ್ತಿ ತೋರಿಸಬಲ್ಲದು. ಸಿ ವಿಟಮಿನ್ ವಿಷಯವೂ ಹೀಗೆಯೇ. ನಾವು ಅದನ್ನು ನೆಲ್ಲಿಕಾಯಿ, ಸೀಬೆಕಾಯಿಯಿಂದ ಪಡೆಯಬೇಕು, ನಾಯಿ ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ.

ಸ್ಪೇನಿನ ಮುರ್ಸಿಯಾ ವಿಶ್ವವಿದ್ಯಾಲಯದ ಹೋಸೆ ಸೆರೋನ್ ಅವರ ಬಳಗ ಇಂಥ ಪರೀಕ್ಷೆಗಳನ್ನು ನಾಯಿಯ ಸೀರಂ ಮೇಲೇ ಪರಿಶೀಲಿಸಿ, ಸ್ವಯಂಚಾಲಿತ ಯಂತ್ರಕ್ಕೆ ಹೊಂದಿಸಿ, ಲೀಶ್ಮೇನಿಯಾ ಎಂಬ ಪರೋಪಜೀವಿ ಹತ್ತಿದ ನಾಯಿಗಳಲ್ಲಿ ಪ್ಯಾರಾಕ್ಸೊನೇಸ್ ಎಂಬ ರಕ್ಷಕ ಕಿಣ್ವ ಚಿಕಿತ್ಸೆಯ ಜೊತೆ ಹೇಗೆ ಬದಲಾಗುತ್ತದೆ ಎಂದು ತೋರಿಸಿದೆ. ಆ ಕೆಲಸ ನನಗೆ ಮೆಚ್ಚುಗೆ.

ಅಲಾಸ್ಕಾದ ಹಿಮಬಂಡಿ ನಾಯಿಗಳೂ ಈ ಚರಿತ್ರೆಯಲ್ಲಿವೆ. ಕೆನೆತ್ ಹಿಂಚ್‌ಕ್ಲಿಫ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿಗಳು ಸತತ ಮೂರು ದಿನ, ದಿನಕ್ಕೆ 58 ಕಿಲೋಮೀಟರ್ ಓಡಿದವು. ಓಡಿದ ನಾಯಿಗಳ ರಕ್ತದಲ್ಲಿ ಐಸೋಪ್ರಾಸ್ಟೇನ್ ಏರಿತು, ಇ ವಿಟಮಿನ್ ಇಳಿಯಿತು. ಹಾಗಾದರೆ ಇ ವಿಟಮಿನ್ ಮೊದಲೇ ಕೊಟ್ಟರೆ ಸ್ನಾಯುಗಳು ಉಳಿಯಬೇಕು. ಅದೇ ಗುಂಪಿನ ಇನ್ನೊಂದು ಅಧ್ಯಯನದಲ್ಲಿ ಕೊಟ್ಟು ನೋಡಿದರು. ರಕ್ತದಲ್ಲಿ ವಿಟಮಿನ್ ಏರಿತು, ಸ್ನಾಯುಹಾನಿಯನ್ನು ಸೂಚಿಸುವ ಕ್ರಿಯಾಟಿನ್ ಕೈನೇಸ್ ಮಾತ್ರ ಇಳಿಯಲಿಲ್ಲ. ಮುದಿ ಬೀಗಲ್ ನಾಯಿಗಳಿಗೆ ಇ ಮತ್ತು ಸಿ ವಿಟಮಿನ್, ಪಾಲಕ್, ಟೊಮೆಟೊ, ಕ್ಯಾರೆಟ್ ಸೇರಿದ ಆಹಾರ ಕೊಟ್ಟ ಕಾರ್ಲ್ ಕಾಟ್ಮನ್, ವಿಲಿಯಂ ಮಿಲ್ಗ್ರಾಂ ಮತ್ತಿತರರ ಅಧ್ಯಯನ ಬೇರೆ ಉತ್ತರ ಕೊಟ್ಟಿತು. 2005ರ ಅವರ ವರದಿಯಲ್ಲಿ ಆ ನಾಯಿಗಳು ಕಲಿಕೆಯಲ್ಲಿ ಉಳಿದವುಗಳಿಗಿಂತ ಮುಂದಿದ್ದವು. ಆಹಾರದ ಜೊತೆಗೆ ಆಟ, ವ್ಯಾಯಾಮ, ಜೊತೆಗಾರ ನಾಯಿ ಸಿಕ್ಕವು ಎಲ್ಲಕ್ಕಿಂತ ಮುಂದೆ. ಮುದಿ ನಾಯಿಯ ಯಜಮಾನರು ಮಾತ್ರೆಯ ಹೆಸರು ಕೇಳಿದಾಗಲೆಲ್ಲ ನಾನು ಈ ಜೊತೆಗಾರ ನಾಯಿಯ ವಿಷಯ ಹೇಳುತ್ತೇನೆ.

ನಮ್ಮ ಊರಿನ ಮಾತಿಗೆ ಬಂದರೆ, ಬೆಂಗಳೂರಿನ ನಾಯಿಗಳ ರಕ್ತ ಹಾಳುಮಾಡುವುದರಲ್ಲಿ ಈರುಳ್ಳಿಗಿಂತ ಮುಂದಿರುವುದು ಉಣ್ಣೆಗಳಿಂದ ಹರಡುವ ಟಿಕ್ ಫೀವರ್. ಅದರ ಒಂದು ಕಾರಣ ಬಬೇಸಿಯಾ ಗಿಬ್ಸೋನಿ ಎಂಬ ಪರೋಪಜೀವಿ. ಅದನ್ನು ಜಗತ್ತಿಗೆ ಮೊದಲು ಪರಿಚಯಿಸಿದವರು 1910ರಲ್ಲಿ ಡಬ್ಲ್ಯು. ಎಸ್. ಪ್ಯಾಟನ್. ನಮ್ಮ ನೆರೆಯ ಮದರಾಸಿನಲ್ಲಿ ಬ್ರಿಟಿಷರು ಬೇಟೆಗೆ ಸಾಕಿದ್ದ ಹೌಂಡ್ ನಾಯಿಗಳ ರಕ್ತದಲ್ಲಿ ಅದು ಸಿಕ್ಕಿತು, ಆಮೇಲೆ ನರಿಯಲ್ಲೂ ಕಂಡಿತು. ಈ ಕಾಯಿಲೆಯಲ್ಲಿ ಪಶುವೈದ್ಯರನ್ನು ತಬ್ಬಿಬ್ಬುಗೊಳಿಸುವ ಒಂದು ಸಂಗತಿಯಿದೆ. ಸ್ಲೈಡ್ ಪೂರ್ತಿ ಹುಡುಕಿದರೂ ಬೆರಳೆಣಿಕೆಯಷ್ಟು ಪರೋಪಜೀವಿಗಳು ಸಿಗುತ್ತವೆ, ಹಿಮೋಗ್ಲೋಬಿನ್ ನೋಡಿದರೆ ಪಾತಾಳದಲ್ಲಿರುತ್ತದೆ. ವಸಡು ಬಿಳಿಚಿಕೊಂಡು, ಕಡುಬಣ್ಣದ ಮೂತ್ರ ಮಾಡುತ್ತಾ, ತಲೆ ಎತ್ತಲಾರದ ನಾಯಿಯನ್ನು ಮನೆಯವರು ಹೊತ್ತು ತರುತ್ತಾರೆ. ಇಷ್ಟೇ ಇಷ್ಟು ಪರೋಪಜೀವಿಗೆ ಇಷ್ಟೊಂದು ರಕ್ತ ಹೇಗೆ ಹೋಯಿತು ಎಂಬ ಅವರ ಪ್ರಶ್ನೆಗೆ ಉತ್ತರ ಬಂದದ್ದೂ ಹೊಕ್ಕೈಡೊದಿಂದಲೇ. 2001ರ ಸುಮಾರಿಗೆ ಅಲ್ಲಿನವರು ಸೋಂಕು ತಗುಲಿದ ರಕ್ತಕಣಗಳಲ್ಲಿ ಸೂಪರಾಕ್ಸೈಡ್ ಹೆಚ್ಚು ಹುಟ್ಟುತ್ತದೆ, ಪೊರೆಯ ಕೊಬ್ಬು ಕೆಡುತ್ತದೆ ಎಂದು ತೋರಿಸಿದರು. ಪರೋಪಜೀವಿ ಇಲ್ಲದ ಕಣಗಳೂ ಈ ಏಟಿಗೆ ಸಿಕ್ಕಿ, ಹಾಳಾದ ಕಣಗಳನ್ನು ನುಂಗುವ ಮೈಯ ಮ್ಯಾಕ್ರೋಫೇಜ್‌ಗಳ ಬಾಯಿಗೆ ಬೀಳುತ್ತವೆ. ಇನ್ನೊಂದು ಸಂಗತಿಯನ್ನೂ ಅದೇ ಬಳಗ ಕಂಡುಕೊಂಡಿತು. ಪ್ರಯೋಗಾಲಯದಲ್ಲಿ ಬಬೇಸಿಯಾ ಗಿಬ್ಸೋನಿಯನ್ನು ಬೆಳೆಸಲು ಈ ಮೊದಲು ಹೇಳಿದ ಪೊಟ್ಯಾಸಿಯಂ, ಗ್ಲುಟಾಥಯೋನ್ ಸಮೃದ್ಧ ಕಣಗಳು ಒಳ್ಳೆಯ ನೆಲೆ.

ನಮ್ಮಲ್ಲೂ ಕೆಲಸ ನಡೆದಿದೆ. ಇಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಕಜ್ಜಿ ಹತ್ತಿದ ನಾಯಿಗಳಲ್ಲಿ ಈ ಅಳತೆಗಳನ್ನು ಮಾಡಿದ್ದಾರೆ. ನಾನು ಓದಿದ ಇಂಥ ಪ್ರಬಂಧಗಳಲ್ಲಿ ಬಹುಪಾಲು ಒಂದು ಕಡೆ ಕಾಯಿಲೆಯ ನಾಯಿಗಳು, ಇನ್ನೊಂದು ಕಡೆ ಆರೋಗ್ಯವಾಗಿರುವ ಆರೇಳು ನಾಯಿಗಳು, ನಡುವೆ ಹೋಲಿಕೆ. ಆರೇಳು ನಾಯಿಗಳಿಂದ ಕಾಯಿಲೆಯ ದಿಕ್ಕು ತಿಳಿಯುತ್ತದೆ, ಆರೋಗ್ಯದ ಗೆರೆ ತಿಳಿಯುವುದಿಲ್ಲ. ಆ ಗೆರೆ ಎಳೆಯಲು ಕನಿಷ್ಠ 120 ಆರೋಗ್ಯವಂತ ಪ್ರಾಣಿಗಳು ಬೇಕು ಎಂಬುದು ಪ್ರಯೋಗಾಲಯ ವಿಜ್ಞಾನದಲ್ಲಿ ಒಪ್ಪಿತವಾದ ಮಾತು.

ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಮುಧೋಳ ನಾಯಿಗಳಿಗಾಗಿಯೇ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ಈ ತಳಿಯನ್ನು ತಲೆಮಾರುಗಳಿಂದ ಸಾಕುತ್ತ ಬಂದ ಮನೆಗಳಿವೆ. ಓಟಕ್ಕೆಂದೇ ಹುಟ್ಟಿದ, ಮೈಯಲ್ಲಿ ಕೊಬ್ಬಿಲ್ಲದ, ಉತ್ತರ ಕರ್ನಾಟಕದ ಬಿಸಿಲು ತಿಂದು ಬೆಳೆದ ನಾಯಿ ಅದು. ಅಲಾಸ್ಕಾದ ಹಸ್ಕಿಯ ಅಂಕಿಯಾಗಲಿ ಬೀಗಲ್‌ನ ಅಂಕಿಯಾಗಲಿ ಅದಕ್ಕೆ ಹೊಂದುವುದಿಲ್ಲ. ಗಂಡು, ಹೆಣ್ಣು, ಮರಿ, ಮುದಿ ಎಲ್ಲ ಸೇರಿಸಿ 120 ಮುಧೋಳ ನಾಯಿಗಳ ರಕ್ತವನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಓಟಕ್ಕೆ ಮುಂಚೆ ಮತ್ತು ಓಟ ಮುಗಿದ ಮೇಲೆ ತೆಗೆಯಬೇಕು. ಗ್ಲುಟಾಥಯೋನ್, ಡಿಸ್ಮ್ಯುಟೇಸ್, ಮ್ಯಾಲೋನ್‌ಡೈಆಲ್ಡಿಹೈಡ್ ಈ ಮೂರನ್ನು ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ ಅಳೆಯಬೇಕು. ಜೊತೆಗೆ ಪ್ರತಿಯೊಂದು ನಾಯಿಯದೂ ಒಂದು ಸ್ಲೈಡ್ ನ್ಯೂ ಮೆಥಿಲೀನ್ ಬ್ಲೂ ಬಣ್ಣದಲ್ಲಿ ಎಳೆದಿಡಬೇಕು. ಐಸ್ ಪೆಟ್ಟಿಗೆ, ಒಂದು ಸೆಂಟ್ರಿಫ್ಯೂಜ್, ಯಜಮಾನರ ಒಪ್ಪಿಗೆ, ಎರಡು ಹಂಗಾಮಿನ ಓಡಾಟ ಇಷ್ಟಿದ್ದರೆ ಈ ಕೆಲಸ ಆಗುತ್ತದೆ. ಒಂದು ನಾಯಿಯೂ ಇದಕ್ಕಾಗಿ ಸಾಯಬೇಕಿಲ್ಲ.